ಘಾಟಿಯಲ್ಲಿ ಗಾಡಿ ಹೀಟ್ ಆಗುತ್ತಿದೆಯೇ? ನೀರು ಹಾಕಿದರೆ ರಿಪೇರಿ ಆಗುವುದಿಲ್ಲ

ಮಂಗಳೂರಿನ ಧಕ್ಕೆಯಲ್ಲಿ ಸುಬಹಿಗೂ ಮೊದಲೇ ಮೀನು ತುಂಬಿಸಿಕೊಂಡ ಪಿಕಪ್ ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುತ್ತಿದೆ. ಕಾಸರಗೋಡಿನಿಂದ ಚೆರ್ಕಳ-ಜಾಲ್ಸೂರು ರಸ್ತೆಯಾಗಿ ಬಂದ ಇನ್ನೊಂದು ಗಾಡಿ ಅದರ ಹಿಂದೆಯೇ ಇದೆ. ಎರಡನೇ ಗೇರು, ತಿರುವಿನ ಮೇಲೆ ತಿರುವು, ಮುಂದೆ ತೆವಳುವ ಲಾರಿ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ನಡುವಿನಿಂದ ನಿಧಾನಕ್ಕೆ ಮೇಲೆ ಏಳುತ್ತದೆ. ಚಾಲಕ ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಒಂದು ಸಿಗರೇಟು ಸೇದುವಷ್ಟು ಹೊತ್ತು ಕಾದು, ಸೀಟಿನ ಹಿಂದಿನ ಕ್ಯಾನಿನಿಂದ ನೀರು ಹಾಕಿ ಮತ್ತೆ ಹೊರಡುತ್ತಾನೆ. ಏನಾಯ್ತು ಎಂದು ಕೇಳಿದರೆ ಉತ್ತರ ಒಂದೇ: ‘ಎಂತ ಇಲ್ಲ ಮಾರ್ರೆ, ಸ್ವಲ್ಪ ನೀರು ಕಮ್ಮಿ ಆದದ್ದು.’

ಕರಾವಳಿಯಲ್ಲಿ ಎಷ್ಟೋ ಡೀಸೆಲ್ ಗಾಡಿಗಳ ಇಂಜಿನ್ ಬಿಚ್ಚುವ ಸ್ಥಿತಿಗೆ ಬಂದದ್ದು ಈ ‘ಸ್ವಲ್ಪ ನೀರು ಕಮ್ಮಿ’ಯಿಂದಲೇ. ನೀರು ಡೀಸೆಲ್‌ನ ಹಾಗೆ ಉರಿದು ಖರ್ಚಾಗುವ ವಸ್ತು ಅಲ್ಲ. ಇಂಜಿನ್ನಿನ ಕೂಲಿಂಗ್ ವ್ಯವಸ್ಥೆ ಮುಚ್ಚಿದ ಪಾತ್ರೆಯ ಹಾಗೆ. ಒಮ್ಮೆ ತುಂಬಿಸಿದ ಕೂಲೆಂಟ್ ತಿಂಗಳುಗಟ್ಟಲೆ ಅಷ್ಟೇ ಇರಬೇಕು. ವಾರಕ್ಕೊಮ್ಮೆ ಅರ್ಧ ಲೀಟರ್ ಹಾಕಬೇಕಾಗಿ ಬಂದರೆ ಆ ಅರ್ಧ ಲೀಟರ್ ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ. ಅದು ಎಲ್ಲಿಗೆ ಹೋಗುತ್ತದೆ, ಗಾಡಿ ಯಾವಾಗ ಹೀಟ್ ಆಗುತ್ತದೆ ಎಂಬ ಎರಡು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅರ್ಧ ರಿಪೇರಿ ಮುಗಿದ ಹಾಗೆ. ಗೊತ್ತಿಲ್ಲದೆ ಗ್ಯಾರೇಜಿಗೆ ಹೋದರೆ ರೇಡಿಯೇಟರ್, ಪಂಪು, ಥರ್ಮೋಸ್ಟ್ಯಾಟ್ ಎಂದು ಒಂದೊಂದಾಗಿ ಬದಲಾಗುತ್ತವೆ, ಗಾಡಿ ಮಾತ್ರ ಮತ್ತೆ ಅದೇ ತಿರುವಿನಲ್ಲಿ ನಿಲ್ಲುತ್ತದೆ.

ಸ್ವಂತ ಗಾಡಿ ಇಟ್ಟುಕೊಂಡು ದುಡಿಯುವವರಿಗೆ ಇದು ಸಣ್ಣ ವಿಷಯ ಅಲ್ಲ. ತಿಂಗಳ ಕಂತು ಕಾಯುವುದಿಲ್ಲ, ಐಸ್ ಹಾಕಿದ ಮೀನೂ ಕಾಯುವುದಿಲ್ಲ. ರೇಡಿಯೇಟರಿನ ಮುಚ್ಚಳ ಹೊಸತು ಹಾಕಲು ಕೆಲವು ನೂರು ರೂಪಾಯಿ ಸಾಕು. ಹೆಡ್ ಬಾಗಿ ಗ್ಯಾಸ್ಕೆಟ್ ಹೋದರೆ ಲೆಕ್ಕ ಸಾವಿರಗಳಲ್ಲಿ, ಕೆಲವೊಮ್ಮೆ ಹತ್ತಾರು ಸಾವಿರಗಳಲ್ಲಿ. ಜೊತೆಗೆ ಒಂದು ವಾರ ಬಾಡಿಗೆ ಇಲ್ಲ.

ಒಳಗೆ ನಡೆಯುವುದೇನು

ಡೀಸೆಲ್ ಇಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಬಿಸಿಗಾಳಿಯಾಗಿ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಹೊತ್ತುಕೊಂಡು ಹೋಗಬೇಕಾದದ್ದು ಕೂಲೆಂಟ್. ವಾಟರ್ ಪಂಪ್ ಅದನ್ನು ಬ್ಲಾಕ್ ಮತ್ತು ಹೆಡ್‌ನ ಒಳದಾರಿಗಳಲ್ಲಿ ತಿರುಗಿಸುತ್ತದೆ. ಇಂಜಿನ್ ತಣ್ಣಗಿರುವಾಗ ಥರ್ಮೋಸ್ಟ್ಯಾಟ್ ಎಂಬ ಸಣ್ಣ ಬಾಗಿಲು ಮುಚ್ಚಿಕೊಂಡಿರುತ್ತದೆ. ಶಾಖ ಸುಮಾರು 82ರಿಂದ 88 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅದು ತೆರೆದು ಬಿಸಿ ಕೂಲೆಂಟನ್ನು ರೇಡಿಯೇಟರಿಗೆ ಬಿಡುತ್ತದೆ. ಅಲ್ಲಿ ಓಟದ ಗಾಳಿಯೋ ಫ್ಯಾನಿನ ಗಾಳಿಯೋ ಅದನ್ನು ತಣಿಸಿ ವಾಪಸ್ ಕಳುಹಿಸುತ್ತದೆ.

ಇದರಲ್ಲಿ ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ಭಾಗ ಮುಚ್ಚಳ. ಅದು ಬರೀ ಮುಚ್ಚಳ ಅಲ್ಲ, ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಅದರ ಮೇಲೆ 0.9 ಅಥವಾ 1.1 ಎಂದು ಬರೆದಿರುವುದನ್ನು ನೋಡಿರಬಹುದು. ಅಷ್ಟು ಬಾರ್ ಒತ್ತಡ ಆಗುವವರೆಗೆ ಅದು ಬಿಡುವುದಿಲ್ಲ. ಒತ್ತಡದಲ್ಲಿ ನೀರು ಕುದಿಯಲು ಹೆಚ್ಚು ಶಾಖ ಬೇಕು: ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು 0.9 ಬಾರ್ ಮುಚ್ಚಳದ ಅಡಿಯಲ್ಲಿ ಸುಮಾರು 118 ಡಿಗ್ರಿವರೆಗೆ ಕುದಿಯದೆ ನಿಲ್ಲುತ್ತದೆ. ಮುಚ್ಚಳದ ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟಿದ್ದರೆ ಈ ಒತ್ತಡ ನಿಲ್ಲುವುದಿಲ್ಲ. ಮೇಲಿನಿಂದ ಮಡಿಕೇರಿ ಸಮುದ್ರ ಮಟ್ಟಕ್ಕಿಂತ 1,100 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಊರಲ್ಲಿ ಏನೂ ತೊಂದರೆ ಕೊಡದ ಗಾಡಿ ಘಾಟಿ ಮೇಲೆ ಮಾತ್ರ ಉಕ್ಕಿಸುವುದಕ್ಕೆ ಏರಿನ ಭಾರ ಮುಖ್ಯ ಕಾರಣವಾದರೂ, ಸತ್ತ ಮುಚ್ಚಳಕ್ಕೂ ಅದರಲ್ಲಿ ಪಾಲಿರುತ್ತದೆ. ಹಾಗಾಗಿ ಬೇರೆ ಏನನ್ನು ಬಿಚ್ಚುವ ಮೊದಲು ಮುಚ್ಚಳ ನೋಡಬೇಕು. ಹಾಕುವಾಗ ಅದೇ ಒತ್ತಡದ್ದೇ ಹಾಕಬೇಕು. ‘ದೊಡ್ಡದು ಹಾಕಿದ್ರೆ ಒಳ್ಳೇದು’ ಎಂದು ಹೆಚ್ಚಿನ ಒತ್ತಡದ್ದು ಹಾಕಿದರೆ ಹಳೆಯ ಹೋಸ್ ಪೈಪ್ ಒಡೆಯುತ್ತದೆ.

ಯಾವಾಗ ಹೀಟ್ ಆಗುತ್ತದೆ?

ಮೆಕ್ಯಾನಿಕ್ ಕೇಳದಿದ್ದರೂ ಚಾಲಕನೇ ಹೇಳಬೇಕಾದ ಮಾತು ಇದು.

ಹೆದ್ದಾರಿ ಬ್ಲಾಕಿನಲ್ಲಿ ನಿಂತಾಗ ಮುಳ್ಳು ಏರುತ್ತದೆ, ಗಾಡಿ ಓಡಲು ಶುರುವಾದ ಕೂಡಲೇ ಇಳಿಯುತ್ತದೆ ಎಂದಾದರೆ ಕೂಲೆಂಟ್ ತಿರುಗುತ್ತಿದೆ, ಗಾಳಿ ಮಾತ್ರ ಸಾಲುತ್ತಿಲ್ಲ. ಫ್ಯಾನ್ ನೋಡಬೇಕು. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಯಲ್ಲಿ ಎಸಿ ಹಾಕಿದರೆ ಸಾಮಾನ್ಯವಾಗಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ವೈರಿನ ಕನೆಕ್ಟರ್, ಕೊನೆಗೆ ಮೋಟಾರ್. ಒಂದು ಎಚ್ಚರ: ಈ ಫ್ಯಾನ್ ಇಂಜಿನ್ ಆಫ್ ಮಾಡಿದ ಮೇಲೂ ತಟ್ಟನೆ ತಿರುಗಬಹುದು, ಬೆರಳು ದೂರವಿರಲಿ.

ಪಿಕಪ್, ಜೀಪು ಮಾದರಿಯ ಅನೇಕ ಗಾಡಿಗಳಲ್ಲಿ ಫ್ಯಾನನ್ನು ಬೆಲ್ಟಿನ ಮೂಲಕ ಇಂಜಿನ್ನೇ ತಿರುಗಿಸುತ್ತದೆ, ನಡುವೆ ವಿಸ್ಕಸ್ ಕಪ್ಲಿಂಗ್ ಎಂಬ ಗಟ್ಟಿ ಚಪ್ಪಟೆ ಡಬ್ಬಿ ಇರುತ್ತದೆ. ಅದರೊಳಗೆ ಸಿಲಿಕೋನ್ ಆಯಿಲ್. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ಡಬ್ಬಿ ಬಿಗಿದು ಫ್ಯಾನ್ ಜೋರಾಗಿ ತಿರುಗುತ್ತದೆ, ತಣ್ಣಗಿದ್ದಾಗ ಸಡಿಲ ಬಿಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಲಾರಿಯ ಹಾಗೆ ಸದ್ದು ಮಾಡಿ ಸುಮ್ಮನಾಗುವುದು ಸಹಜ. ಘಾಟಿಯಲ್ಲಿ ಇಂಜಿನ್ ಕಾದಾಗ ಅದೇ ‘ಗುಂಯ್’ ಸದ್ದು ಬರಬೇಕು. ಬರುತ್ತಿಲ್ಲ ಎಂದಾದರೆ ಅನುಮಾನ ಪಡಬೇಕು. ಚೆನ್ನಾಗಿ ಓಡಿಸಿ ಬಿಸಿಯಾದ ಮೇಲೆ ಇಂಜಿನ್ ಆಫ್ ಮಾಡಿ, ಕೀ ತೆಗೆದು, ಫ್ಯಾನನ್ನು ಕೈಯಲ್ಲಿ ತಳ್ಳಿ ನೋಡಿ. ಜೇನಿನಲ್ಲಿ ಚಮಚ ತಿರುಗಿಸಿದಂತೆ ತಡೆ ಇರಬೇಕು. ಸೈಕಲ್ ಚಕ್ರದ ಹಾಗೆ ಸುಮ್ಮನೆ ಗಿರಗಿರ ತಿರುಗಿದರೆ, ಅಥವಾ ಕಪ್ಲಿಂಗಿನ ಮೈಮೇಲೆ ಎಣ್ಣೆ ಜಿನುಗಿದ ಗುರುತು ಇದ್ದರೆ ಅದು ಮುಗಿದಿದೆ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಭಾರ ಪೂರ್ತಿ, ಓಟದ ಗಾಳಿ ಏನೇನೂ ಇಲ್ಲ. ಫ್ಯಾನಿನ ಪರೀಕ್ಷೆ ನಡೆಯುವುದೇ ಅಲ್ಲಿ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಶ್ರೌಡ್ ಮುರಿದಿದೆ ಎಂದು ಕಿತ್ತೆಸೆದವರಿದ್ದಾರೆ. ಅದಿಲ್ಲದಿದ್ದರೆ ಫ್ಯಾನ್ ಎಳೆಯುವ ಗಾಳಿಯ ದೊಡ್ಡ ಪಾಲು ರೇಡಿಯೇಟರಿನ ಮೂಲಕ ಬರುವುದೇ ಇಲ್ಲ.

ಇನ್ನು ಗಾಡಿ ನಿಂತಾಗ ಸರಿ ಇದೆ, ಸಪಾಟು ರಸ್ತೆಯಲ್ಲಿ 70-80ರ ವೇಗದಲ್ಲಿ ಹೋದಾಗ ಅಥವಾ ಉದ್ದ ಏರಿನಲ್ಲಿ ಹೀಟ್ ಆಗುತ್ತದೆ ಎಂದರೆ ಕಥೆ ಬೇರೆ. ಶಾಖ ಹೆಚ್ಚಾದಾಗ ಅದನ್ನು ಹೊರಹಾಕುವ ತಾಕತ್ತು ಇಲ್ಲ. ರೇಡಿಯೇಟರ್ ಕಟ್ಟಿದೆ, ಕೂಲೆಂಟ್ ಓಟ ಕಮ್ಮಿಯಾಗಿದೆ, ಬೆಲ್ಟ್ ಜಾರುತ್ತಿದೆ, ಇಲ್ಲವೇ ಕೆಳಗಿನ ಹೋಸ್ ಮೆತ್ತಗಾಗಿ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತಿದೆ.

ರೇಡಿಯೇಟರ್ ಕಟ್ಟುವುದು ಎರಡು ರೀತಿ. ಹೊರಗಿನದ್ದು ನಮ್ಮ ಕಡೆಯ ವಿಶೇಷ. ಎಸಿ ಇರುವ ಟರ್ಬೊ ಗಾಡಿಗಳಲ್ಲಿ ರೇಡಿಯೇಟರಿನ ಮುಂದೆ ಎಸಿ ಕಂಡೆನ್ಸರ್ ಇರುತ್ತದೆ, ಹಲವು ಗಾಡಿಗಳಲ್ಲಿ ಇಂಟರ್‌ಕೂಲರೂ ಅಲ್ಲೇ. ಕೆಂಪು ಮಣ್ಣಿನ ಧೂಳು, ಮಳೆಗಾಲದ ಕೆಸರು, ಹುಳ-ಹುಪ್ಪಟೆ ಎಲ್ಲ ಹೋಗಿ ಕೂರುವುದು ಇವುಗಳ ನಡುವಿನ ಸಂದಿಯಲ್ಲಿ. ಮುಂದಿನಿಂದ ನೋಡಿದರೆ ಗ್ರಿಲ್ ಫಳಫಳ, ಒಳಗೆ ಮಣ್ಣಿನ ಗೋಡೆ. ತೊಳೆಯುವಾಗ ಇಂಜಿನ್ ಕಡೆಯಿಂದ ಹೊರಕ್ಕೆ, ಸಾದಾ ಪೈಪಿನ ನೀರಿನಲ್ಲಿ ತೊಳೆಯಬೇಕು. ವಾಷಿಂಗ್ ಸೆಂಟರಿನ ಪ್ರೆಷರ್ ಗನ್ ಹತ್ತಿರದಿಂದ ಹಿಡಿದರೆ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ, ಇದ್ದ ಗಾಳಿದಾರಿಯೂ ಮುಚ್ಚುತ್ತದೆ. ಕಡಲ ಬದಿಯಲ್ಲೇ ಓಡುವ ಗಾಡಿಗಳಿಗೆ ಉಪ್ಪು ಗಾಳಿಯ ಕಾಟ ಬೇರೆ. ರೆಕ್ಕೆಗಳು ಬಿಳಿ ಪುಡಿಯಾಗಿ ಉದುರುತ್ತಿದ್ದರೆ ತೊಳೆದು ಪ್ರಯೋಜನವಿಲ್ಲ, ಆ ರೇಡಿಯೇಟರ್ ಬದಲಾಗಬೇಕು.

ಒಳಗಿನ ಕಟ್ಟು ಕಣ್ಣಿಗೆ ಕಾಣುವುದಿಲ್ಲ. ಗಾಡಿ ಪೂರ್ತಿ ಬಿಸಿಯಾದ ಮೇಲೆ ಇಂಜಿನ್ ಆಫ್ ಮಾಡಿ ರೇಡಿಯೇಟರಿನ ಮೈಮೇಲೆ ಅಲ್ಲಲ್ಲಿ ಶಾಖ ನೋಡಬೇಕು. ಇನ್‌ಫ್ರಾರೆಡ್ ಥರ್ಮೋಮೀಟರ್ ಗನ್ ಇದ್ದರೆ ಕೆಲಸ ಸುಲಭ. ಸುತ್ತಮುತ್ತ ಬಿಸಿ ಇದ್ದು ನಡುವೆ ಒಂದು ಕಡೆ ತಣ್ಣಗಿದ್ದರೆ ಅಲ್ಲಿಯ ಕೊಳವೆಗಳಲ್ಲಿ ಕೂಲೆಂಟ್ ಓಡುತ್ತಿಲ್ಲ. ಮೇಲಿನ ಹೋಸ್ ಕೆಂಡ, ಕೆಳಗಿನದ್ದು ತಣ್ಣಗೆ, ಮುಳ್ಳು ಮೇಲೆ ಎಂದಾದರೆ ರೇಡಿಯೇಟರ್ ಕಟ್ಟಿದೆ ಅಥವಾ ಥರ್ಮೋಸ್ಟ್ಯಾಟ್ ಪೂರ್ತಿ ತೆರೆಯುತ್ತಿಲ್ಲ.

ಕೆಲವೊಮ್ಮೆ ಗಾಡಿಯಲ್ಲಿ ದೋಷವೇ ಇರುವುದಿಲ್ಲ, ಹಿಂದೆ ಹೇರಿದ ಲೋಡಿನಲ್ಲಿ ಇರುತ್ತದೆ. ಆರ್‌ಸಿಯಲ್ಲಿ ಬರೆದ ಭಾರಕ್ಕೆ ತಕ್ಕಂತೆ ರೇಡಿಯೇಟರ್ ಕೊಟ್ಟಿರುತ್ತಾರೆ. ಅದರ ಒಂದೂವರೆ ಪಟ್ಟು ಹೇರಿಕೊಂಡು ಘಾಟಿ ಹತ್ತಿದರೆ ಹೊಸ ಗಾಡಿಯ ಮುಳ್ಳೂ ಏಳುತ್ತದೆ. ಇದಕ್ಕೆ ಗ್ಯಾರೇಜಿನಲ್ಲಿ ಮದ್ದಿಲ್ಲ.

ನೀರು ಎಲ್ಲಿಗೆ ಹೋಗುತ್ತದೆ?

ರಾತ್ರಿ ಗಾಡಿ ನಿಲ್ಲಿಸುವಾಗ ಇಂಜಿನ್ ಕೆಳಗೆ ಒಂದು ರಟ್ಟಿನ ಹಾಳೆ ಹಾಸಿ. ಬೆಳಿಗ್ಗೆ ಹನಿಗಳ ಗುರುತು ಎಲ್ಲಿದೆ ನೋಡಿ. ಎಸಿ ಓಡಿಸಿದ ಮೇಲೆ ತೊಟ್ಟಿಕ್ಕುವ ನೀರು ಬಣ್ಣವಿಲ್ಲದ್ದು, ಅದು ಲೆಕ್ಕಕ್ಕಿಲ್ಲ. ಹಸಿರು, ಕೆಂಪು, ನೀಲಿ ಅಥವಾ ತುಕ್ಕಿನ ಬಣ್ಣದ ಹನಿ ಕಂಡರೆ ಅದರ ನೇರ ಮೇಲೆ ಹುಡುಕಬೇಕು. ಹೋಸ್ ಕ್ಲಿಪ್, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂಗೆ ಕೂಡುವ ಅಂಚು, ಹೀಟರಿಗೆ ಹೋಗುವ ಪೈಪು ಇವು ಸಾಮಾನ್ಯ ಜಾಗಗಳು. ವಾಟರ್ ಪಂಪಿನ ಅಡಿಯಲ್ಲಿ ಬೇಕೆಂದೇ ಬಿಟ್ಟ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದಾಗ ನೀರು ಆ ತೂತಿನಿಂದ ಹೊರಬಂದು ತಿಳಿಸುತ್ತದೆ. ಅದನ್ನು ಎಂ-ಸೀಲ್ ಹಚ್ಚಿ ಮುಚ್ಚುವ ಬುದ್ಧಿವಂತರೂ ಇದ್ದಾರೆ. ಆಮೇಲೆ ಆ ನೀರು ಬೇರಿಂಗಿಗೆ ಹೋಗುತ್ತದೆ, ಬೇರಿಂಗ್ ಒಡೆದರೆ ಪುಲ್ಲಿ ಅಲುಗಾಡಿ ಫ್ಯಾನ್ ಹೋಗಿ ರೇಡಿಯೇಟರಿಗೇ ಬಡಿಯಬಹುದು.

ರೇಡಿಯೇಟರಿನಲ್ಲಿ ಸಣ್ಣ ತೂತಾದರೆ ಅರಿಶಿನ ಪುಡಿ ಹಾಕುವ ಹಳೆಯ ಉಪಾಯ ಎಲ್ಲರಿಗೂ ಗೊತ್ತು. ಕಾಡಿನ ನಡುವೆ ಸಿಕ್ಕಿಬಿದ್ದಾಗ ಅದು ಊರು ಮುಟ್ಟಿಸಿದರೆ ಮುಟ್ಟಿಸಲಿ, ತಪ್ಪೇನಿಲ್ಲ. ಆದರೆ ತೂತು ಮುಚ್ಚಿದ ಅರಿಶಿನ ಸಪೂರ ಕೊಳವೆಗಳನ್ನೂ ಮುಚ್ಚುತ್ತದೆ. ಊರಿಗೆ ಬಂದ ಮೇಲೆ ಪೂರ್ತಿ ಫ್ಲಶ್ ಮಾಡಿ ಲೀಕ್ ಸರಿಮಾಡಿಸದಿದ್ದರೆ ಮುಂದಿನ ಹೀಟಿಂಗಿಗೆ ಅದೇ ಕಾರಣವಾಗುತ್ತದೆ.

ರಟ್ಟು ಒಣಗಿಯೇ ಇದೆ, ಆದರೂ ನೀರು ಇಳಿಯುತ್ತಿದೆ ಎಂದಾದಾಗ ಹೆದರಬೇಕು. ನೀರು ಇಂಜಿನ್ನಿನ ಒಳಗೇ ಹೋಗುತ್ತಿರಬಹುದು. ಇದಕ್ಕೆ ಮನೆಯಲ್ಲೇ ನೋಡಬಹುದಾದ ಕೆಲವು ಸೂಚನೆಗಳಿವೆ. ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಇಂಜಿನ್ನಿನ ಮುಚ್ಚಳ ತೆಗೆದು, ಕುತ್ತಿಗೆವರೆಗೆ ತುಂಬಿಸಿ ಸ್ಟಾರ್ಟ್ ಮಾಡಿ. ಮೊದಲಿಗೆ ಒಂದೆರಡು ಗುಳ್ಳೆ ಬಂದರೆ ಸಿಕ್ಕಿಕೊಂಡ ಗಾಳಿ ಹೊರಬಂತು ಎಂದುಕೊಳ್ಳಬಹುದು. ನಿಲ್ಲದೆ ಸೋಡಾ ಬಾಟಲಿಯ ಹಾಗೆ ಗುಳ್ಳೆ ಬರುತ್ತಲೇ ಇದ್ದರೆ ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ನುಗ್ಗುತ್ತಿದೆ, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ಡಿನಲ್ಲಿ ಬಿರುಕಿದೆ. ಮುಚ್ಚಳ ಹಾಕಿ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದ ಎರಡೇ ನಿಮಿಷದಲ್ಲಿ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೂ ಅದೇ ಅರ್ಥ, ಯಾಕೆಂದರೆ ಅಷ್ಟು ಬೇಗ ಬಿಸಿಯಿಂದ ಒತ್ತಡ ಬರುವುದಿಲ್ಲ. ಡಿಪ್‌ಸ್ಟಿಕ್ ಅಥವಾ ಆಯಿಲ್ ಮುಚ್ಚಳದಲ್ಲಿ ಹಾಲು ಹಾಕಿದ ಚಾದ ಬಣ್ಣ ಕಂಡರೆ ಇಂಜಿನ್ ಆಯಿಲಿಗೆ ನೀರು ಸೇರಿದೆ. ಆ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುವುದಲ್ಲ, ಎಳೆಸಿಕೊಂಡು ಹೋಗಬೇಕು. ನೀರು ಬೆರೆತ ಆಯಿಲ್ ಬೇರಿಂಗುಗಳನ್ನು ಬಹಳ ಬೇಗ ತಿಂದುಹಾಕುತ್ತದೆ.

ಇಲ್ಲಿ ಒಂದು ಕಿವಿಮಾತು. ಬಿಳಿ ಹೊಗೆ, ಕಾಣದಂತೆ ಇಳಿಯುವ ನೀರು ಎಂದ ಕೂಡಲೇ ‘ಹೆಡ್ ಬಿಚ್ಚಬೇಕು’ ಎಂಬ ತೀರ್ಪು ಬರುತ್ತದೆ. ಬಿಎಸ್-4 ಕಾಲದಿಂದ ಈಚಿನ ಹೆಚ್ಚಿನ ಡೀಸೆಲ್ ಗಾಡಿಗಳಲ್ಲಿ ಇಜಿಆರ್ ಕೂಲರ್ ಎಂಬ ಭಾಗವಿದೆ. ಹೊಗೆಯ ಒಂದು ಪಾಲನ್ನು ವಾಪಸ್ ಇಂಜಿನ್ನಿಗೆ ಬಿಡುವ ಮೊದಲು ಕೂಲೆಂಟಿನಿಂದ ತಣಿಸುವುದು ಅದರ ಕೆಲಸ. ಅದು ಒಳಗೆ ತೂತಾದರೂ ಲಕ್ಷಣ ಹೆಡ್ ಗ್ಯಾಸ್ಕೆಟ್ ಹೋದಂತೆಯೇ ಇರುತ್ತದೆ. ಕೂಲರನ್ನು ಬಿಚ್ಚಿ ಒತ್ತಡ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಹೆಡ್ ಬಿಚ್ಚುವುದಕ್ಕೆ ಹೋಲಿಸಿದರೆ ಅದು ಸಣ್ಣ ಕೆಲಸ. ಹೆಡ್ ಬಿಚ್ಚಲೇಬೇಕಾದರೆ ಅದು ಬಾಗಿದೆಯೇ ಎಂದು ಸಪಾಟು ಪಟ್ಟಿ ಇಟ್ಟು ನೋಡದೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚುವುದು ದುಡ್ಡು ನೀರಿಗೆ ಹಾಕಿದಂತೆ.

ಥರ್ಮೋಸ್ಟ್ಯಾಟ್ ಕಿತ್ತು ಹಾಕುವ ಚಾಳಿ

‘ನಮ್ಮ ಊರಿನ ಸೆಖೆಗೆ ಅದು ಬೇಡ’ ಎಂದು ಥರ್ಮೋಸ್ಟ್ಯಾಟ್ ತೆಗೆದುಹಾಕುವುದು ಎಷ್ಟೋ ಗ್ಯಾರೇಜುಗಳಲ್ಲಿ ರೂಢಿ. ಮಾಡುವವರು ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ, ಹಳೆಯ ಗಾಡಿಗಳಲ್ಲಿ ಅದರಿಂದ ತಕ್ಷಣ ಮುಳ್ಳು ಇಳಿದದ್ದನ್ನು ನೋಡಿದ್ದಾರೆ. ಆದರೆ ಅದು ಮುಳ್ಳಿಗೆ ಕೊಡುವ ಸಮಾಧಾನ ಮಾತ್ರ. ಡೀಸೆಲ್ ಇಂಜಿನ್ ತನ್ನ ಶಾಖಕ್ಕೆ ಬರದಿದ್ದರೆ ಇಂಧನ ಸರಿಯಾಗಿ ಉರಿಯುವುದಿಲ್ಲ, ಮೈಲೇಜ್ ಇಳಿಯುತ್ತದೆ, ಮಸಿ ಹೆಚ್ಚುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ತೊಂದರೆ ಇನ್ನೂ ದೊಡ್ಡದು. ಅವುಗಳ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಫಿಲ್ಟರ್ ಇದೆ. ಆ ಮಸಿಯನ್ನು ಸುಟ್ಟು ಸ್ವಚ್ಛ ಮಾಡಿಕೊಳ್ಳಲು ಇಂಜಿನ್ ನಿಗದಿತ ಶಾಖಕ್ಕೆ ಬಂದಿರಬೇಕು. ಬರದಿದ್ದರೆ ಫಿಲ್ಟರ್ ಕಟ್ಟಿ, ಇಂಜಿನ್ ಲೈಟ್ ಹತ್ತಿ, ಪಿಕಪ್ ಇಲ್ಲದ ಪಿಕಪ್ ಆಗುತ್ತದೆ.

ಇನ್ನೊಂದು ವಿಷಯ ಮೆಕ್ಯಾನಿಕರಲ್ಲೂ ಕೆಲವರಿಗೆ ತಿಳಿದಿರುವುದಿಲ್ಲ. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ರೇಡಿಯೇಟರಿನ ದಾರಿ ತೆರೆಯುವಾಗಲೇ ಅದರ ಹಿಂಬದಿಯ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥದ್ದನ್ನು ಕಿತ್ತರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತುತ್ತದೆ. ಹೀಟ್ ಕಮ್ಮಿಯಾಗಲಿ ಎಂದು ತೆಗೆದದ್ದೇ ಘಾಟಿಯಲ್ಲಿ ಹೀಟ್ ಹೆಚ್ಚಿಸುತ್ತದೆ. ಥರ್ಮೋಸ್ಟ್ಯಾಟ್ ಸರಿ ಇದೆಯೇ ಎಂದು ನೋಡುವುದು ಅಡುಗೆಮನೆಯ ಕೆಲಸ: ದಾರದಲ್ಲಿ ಕಟ್ಟಿ ಒಂದು ಹಳೆಯ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಬರೆದ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಿ, ನೀರು ಕುದಿಯುವಷ್ಟರಲ್ಲಿ ಪೂರ್ತಿ ತೆರೆದಿರಬೇಕು. ಪಾತ್ರೆ ಮತ್ತೆ ಅಡುಗೆಗೆ ಬಳಸುವಂತಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿದರೆ ಒಳ್ಳೆಯದು.

ಬಾವಿ ನೀರು ಸಾಕಾಗುವುದಿಲ್ಲವೇ?

‘ಇಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ?’ ಎಂಬ ಪ್ರಶ್ನೆ ಇನ್ನೂ ಕೇಳುತ್ತಾರೆ. ಹಿಮವೇ ಬೀಳದ, 45 ಡಿಗ್ರಿ ಬಿಸಿಲಿನ ಗಲ್ಫಿನಲ್ಲಿ ಗಾಡಿ ಓಡಿಸಿ ಬಂದವರನ್ನು ಕೇಳಿದರೆ ಅಲ್ಲಿಯೂ ಕೂಲೆಂಟ್ ಹಾಕುತ್ತಾರೆ ಎಂದು ಹೇಳುತ್ತಾರೆ. ಅರ್ಧ ಎಥಿಲೀನ್ ಗ್ಲೈಕಾಲ್, ಅರ್ಧ ನೀರಿನ ಮಿಶ್ರಣ ತೆರೆದ ಪಾತ್ರೆಯಲ್ಲೇ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ಒತ್ತಡದ ಮುಚ್ಚಳದ ಅಡಿಯಲ್ಲಿ 125 ಡಿಗ್ರಿಯ ಮೇಲೂ ನಿಲ್ಲುತ್ತದೆ. ಇದಕ್ಕಿಂತ ಮುಖ್ಯವಾದದ್ದು ಅದರಲ್ಲಿರುವ ತುಕ್ಕು ನಿರೋಧಕ. ಕಡಲ ಬದಿಯ ಬಾವಿಯಲ್ಲಿ ಉಪ್ಪಿನ ಅಂಶ, ಮುರಕಲ್ಲು ನೆಲದ ಬಾವಿಯಲ್ಲಿ ಹುಳಿ ಗುಣ ಮತ್ತು ಕಬ್ಬಿಣದ ಅಂಶ. ಕುಡಿಯಲು ಎಷ್ಟೇ ಸಿಹಿಯಾಗಿದ್ದರೂ ಅಲ್ಯೂಮಿನಿಯಂ ರೇಡಿಯೇಟರಿಗೂ ಎರಕದ ಕಬ್ಬಿಣದ ಬ್ಲಾಕಿಗೂ ಅದು ಒಳ್ಳೆಯದಲ್ಲ. ಡೀಸೆಲ್ ಇಂಜಿನ್ನಿಗೆ ಇನ್ನೊಂದು ಅಪಾಯವೂ ಇದೆ. ಪ್ರತಿ ಸ್ಫೋಟಕ್ಕೂ ಸಿಲಿಂಡರಿನ ಗೋಡೆ ಸಣ್ಣಗೆ ನಡುಗುತ್ತದೆ. ಆ ನಡುಕಕ್ಕೆ ಗೋಡೆಯ ಹೊರಮೈಯಲ್ಲಿ ನೀರಿನಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಒಡೆದಾಗ ಲೋಹವನ್ನು ಉಳಿಯಿಂದ ಕೆತ್ತಿದಂತೆ ಕೆತ್ತುತ್ತವೆ. ವೆಟ್ ಲೈನರ್ ಇರುವ ಇಂಜಿನ್ನುಗಳಲ್ಲಿ ಇದು ಕೊನೆಗೆ ಸೂಜಿ ತೂತಾಗಿ ನೀರು ಒಳಗೆ ಇಳಿಯುತ್ತದೆ. ಒಳ್ಳೆಯ ಕೂಲೆಂಟಿನ ರಾಸಾಯನಿಕ ಆ ಗೋಡೆಗೆ ತೆಳುವಾದ ಕವಚ ಕೊಡುತ್ತದೆ, ಬರೀ ನೀರಿಗೆ ಆ ಶಕ್ತಿ ಇಲ್ಲ.

ಕಾನ್ಸಂಟ್ರೇಟ್ ಎಂದು ಬರೆದದ್ದನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿಯೇ ಹಾಕಬೇಕು. ಹಾಗೆಯೇ ಸುರಿದರೆ ಶಾಖ ಒಯ್ಯುವ ಶಕ್ತಿ ನೀರಿಗಿಂತ ಕಮ್ಮಿ. ರೆಡಿ ಮಿಕ್ಸ್ ಆದರೆ ನೇರ ಹಾಕಬಹುದು. ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ. ಹಸಿರು, ಕೆಂಪು ಎನ್ನುವುದು ಕಂಪನಿಯವರು ಹಾಕಿದ ಬಣ್ಣ ಅಷ್ಟೇ, ಒಳಗಿನ ರಸಾಯನ ಬೇರೆ ಬೇರೆ. ಎರಡು ಜಾತಿ ಬೆರೆತರೆ ಕೆಲವೊಮ್ಮೆ ಲೋಳೆ ಕಟ್ಟುತ್ತದೆ. ಗಾಡಿಯ ಪುಸ್ತಕದಲ್ಲಿ ಬರೆದ ಸ್ಪೆಸಿಫಿಕೇಶನ್ನೇ ನೋಡಬೇಕು. ತುಂಬಿಸಿದ ಮೇಲೆ ಒಳಗಿನ ಗಾಳಿ ತೆಗೆಯದಿದ್ದರೆ ಹೊಸ ಕೂಲೆಂಟ್ ಹಾಕಿದ ದಿನವೇ ಗಾಡಿ ಹೀಟ್ ಆಗಬಹುದು. ಹೀಟರ್ ಆನ್ ಮಾಡಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ತುಂಬಿಸಬೇಕು.

ದಾರಿಯಲ್ಲಿ ಹೀಟ್ ಆದರೆ

ಮುಳ್ಳು ಏರಲು ಶುರುವಾದಾಗಲೇ ಎಸಿ ಆಫ್ ಮಾಡಿ, ಕಿಟಕಿ ತೆರೆದು ಹೀಟರನ್ನು ಪೂರ್ತಿ ಬಿಸಿಗೆ, ಫ್ಯಾನನ್ನು ಪೂರ್ತಿ ವೇಗಕ್ಕೆ ಹಾಕಿ. ಬೆವರು ಸುರಿಯುತ್ತದೆ, ಆದರೆ ಹೀಟರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರ್, ಇಂಜಿನ್ನಿನ ಬಿಸಿಯನ್ನು ಅಷ್ಟರ ಮಟ್ಟಿಗೆ ಹೊರಹಾಕುತ್ತದೆ. ಮೇಲಿನ ಗೇರಿನಲ್ಲಿ ಏದುಸಿರು ಬಿಡಿಸುವ ಬದಲು ಗೇರ್ ಇಳಿಸಿ ಆಕ್ಸಿಲೇಟರ್ ಹಗುರ ಮಾಡಿ, ಪಂಪೂ ಫ್ಯಾನೂ ಚುರುಕಾಗುತ್ತವೆ. ಆದರೂ ಏರಿದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಹಬೆ ಇಲ್ಲ, ನೀರು ಚೆಲ್ಲಿಲ್ಲ, ಮುಳ್ಳು ಕೆಂಪು ಮುಟ್ಟಿಲ್ಲ ಎಂದಾದರೆ ಒಂದೆರಡು ನಿಮಿಷ ನ್ಯೂಟ್ರಲ್‌ನಲ್ಲಿ ಓಡಲು ಬಿಡಬಹುದು, ಟರ್ಬೊಗೂ ಒಳ್ಳೆಯದು. ಹಬೆ ಎದ್ದರೆ ಅಥವಾ ಮುಳ್ಳು ಕೆಂಪಿನಲ್ಲಿದ್ದರೆ ಕೂಡಲೇ ಆಫ್ ಮಾಡಬೇಕು.

ಮುಳ್ಳನ್ನು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. ಅದರ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸತ್ಯ ಹೇಳುತ್ತದೆ. ಹೋಸ್ ಒಡೆದು ನೀರು ಪೂರ್ತಿ ಹೋದಾಗ ಸೆನ್ಸರಿಗೆ ತಾಗುವುದು ಬರೀ ಗಾಳಿ, ಆಗ ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಇಳಿಯಬಹುದು. ಏರಿದ್ದ ಮುಳ್ಳು ತಟ್ಟನೆ ಇಳಿಯಿತು, ಇಂಜಿನ್ ಮಾತ್ರ ಶಕ್ತಿ ಕಳೆದುಕೊಂಡು ಟಕಟಕ ಅನ್ನುತ್ತಿದೆ ಎಂದರೆ ‘ಸರಿಯಾಯ್ತು’ ಎಂದು ಮುಂದೆ ಹೋಗಬಾರದು.

ಬಿಸಿ ಇಂಜಿನ್ನಿನ ಮುಚ್ಚಳಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಒಳಗಿನ ನೀರು 110 ಡಿಗ್ರಿಯಲ್ಲಿದ್ದೂ ಕುದಿಯದೆ ಇರುವುದು ಆ ಮುಚ್ಚಳದ ಒತ್ತಡದಿಂದ. ಮುಚ್ಚಳ ಸಡಿಲವಾದ ಕ್ಷಣದಲ್ಲೇ ಅದರ ಒಂದು ಪಾಲು ಹಬೆಯಾಗುತ್ತದೆ, ಹಬೆಯಾದಾಗ ನೀರು ಸುಮಾರು 1,600 ಪಟ್ಟು ಹಿಗ್ಗುತ್ತದೆ. ಎದ್ದು ಬರುವ ಬಿಸಿ ನೀರು ನೇರ ಬಗ್ಗಿ ನೋಡುವ ಮುಖಕ್ಕೆ. ಬಟ್ಟೆ ಹಾಕಿ ತಿರುಗಿಸಿದರೆ ಕೈ ಸುಡುವುದಿಲ್ಲ ಎನ್ನುವ ಧೈರ್ಯ ಬೇಡ, ಬಟ್ಟೆ ಬಿಸಿ ನೀರನ್ನು ಹೀರಿ ಚರ್ಮಕ್ಕೇ ಅಂಟಿಕೊಳ್ಳುತ್ತದೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾದು, ಮೇಲಿನ ಹೋಸ್ ಒತ್ತಿದರೆ ಮೆತ್ತಗಿದೆ ಎಂದಾದ ಮೇಲೆ ಮಾತ್ರ ತೆರೆಯಬೇಕು. ಕಾದ ಇಂಜಿನ್ನಿಗೆ ಹೊರಗಿನಿಂದಲೂ ಒಳಗಿನಿಂದಲೂ ತಣ್ಣೀರು ಸುರಿಯಬಾರದು, ಹೆಡ್ ಬಿರುಕು ಬಿಡುತ್ತದೆ. ಸಿಗರೇಟು ಮುಗಿಯುವಷ್ಟು ಹೊತ್ತು ಸಾಲುವುದೇ ಇಲ್ಲ.

ಯಾರಿಗಾದರೂ ಸುಟ್ಟರೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡದೆ ಹಾಕಬೇಕು, ಐಸ್ ಅಲ್ಲ. ಮೀನಿನ ಗಾಡಿಯಲ್ಲಿ ಐಸ್ ಕೈಗೇ ಸಿಗುತ್ತದೆ ಎಂದು ಇಡುವವರಿದ್ದಾರೆ, ಅದರಿಂದ ಗಾಯ ಇನ್ನೂ ಕೆಡುತ್ತದೆ. ಟೂತ್‌ಪೇಸ್ಟ್, ಕಾಫಿ ಪುಡಿ, ತೆಂಗಿನೆಣ್ಣೆ ಯಾವುದೂ ಬೇಡ. ಮುಖಕ್ಕೋ ಕಣ್ಣಿಗೋ ತಾಗಿದ್ದರೆ ಮೊದಲು ಆಸ್ಪತ್ರೆ, ಗಾಡಿ ಆಮೇಲೆ.

ಗ್ಯಾರೇಜಿಗೆ ಹೋದಾಗ ‘ಹೀಟ್ ಆಗ್ತದೆ, ನೋಡಿ’ ಎಂದಷ್ಟೇ ಹೇಳಿ ಕೀ ಕೊಡಬೇಡಿ. ನಿಂತಾಗಲೋ ಏರಿನಲ್ಲೋ, ಎಷ್ಟು ದಿನಕ್ಕೆ ಎಷ್ಟು ನೀರು, ರಟ್ಟಿನ ಮೇಲೆ ಹನಿ ಎಲ್ಲಿ, ಬೆಳಿಗ್ಗೆ ಹೋಸ್ ಗಟ್ಟಿಯಾಯಿತೇ ಎಂದು ಹೇಳಿ. ಬದಲಿಸಿದ ಹಳೆಯ ಸಾಮಾನು ವಾಪಸ್ ಕೇಳಿ ನೋಡಿ. ಕೂಲೆಂಟ್ ಬದಲಿಸಿದ ತಾರೀಕು, ಕಿಲೋಮೀಟರ್, ಹಾಕಿದ ಕೂಲೆಂಟಿನ ಹೆಸರು ಒಂದು ಸ್ಟಿಕ್ಕರಿನಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿದರೆ ಗಾಡಿ ಬೇರೆ ಡ್ರೈವರನ ಕೈಗೆ ಹೋದಾಗಲೂ ಉಪಯೋಗಕ್ಕೆ ಬರುತ್ತದೆ.

ಮಿಕ್ಕಿದ ಕೂಲೆಂಟನ್ನು ತಂಪು ಪಾನೀಯದ ಬಾಟಲಿಯಲ್ಲಿ ಹಾಕಿ ಮನೆಯ ಜಗಲಿಯಲ್ಲಿ ಇಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ, ಬಣ್ಣವೂ ಶರಬತ್ತಿನದ್ದೇ. ಸ್ವಲ್ಪವೇ ಕುಡಿದರೂ ಮಕ್ಕಳ ಕಿಡ್ನಿ ಕೆಡಬಹುದು, ಜೀವವೂ ಹೋಗಬಹುದು. ಅಂಗಳದಲ್ಲಿ ಚೆಲ್ಲಿದ್ದನ್ನು ನೆಕ್ಕಿ ಬೆಕ್ಕು, ಆಡು ಸಾಯುತ್ತವೆ. ಅದರ ಸ್ವಂತ ಕ್ಯಾನಿನಲ್ಲೇ, ಹೆಸರು ಕಾಣುವಂತೆ, ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು. ಚೆಲ್ಲಿದರೆ ಆಗಲೇ ಒರೆಸಿ, ಆ ಜಾಗಕ್ಕೆ ಧಾರಾಳ ನೀರು ಹಾಕಿ ತೊಳೆಯಬೇಕು.